ಕೊನೆಯ ದಿನದ ಪ್ರಬಂಧ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ಭಾಷಣವನ್ನು ಬರೆದು ಕೊಡಿ, ಸಂಚಿಕೆಯಲ್ಲಿ ಅಚ್ಚು ಹಾಕಬೇಕು ಎಂದು ಸಮಿತಿಯವರು ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಮೂರು ಸಲ ಫೋನ್ ಮಾಡಿದರು. ನಾನು ಬರೆದು ಮುಗಿಸಿದ್ದು ನಿನ್ನೆ ರಾತ್ರಿ. ಹಾಗಾಗಿ ಕೊನೆಯ ಗಳಿಗೆಯ ಕೆಲಸದ ಬಗ್ಗೆ ಮಾತಾಡುವ ಯೋಗ್ಯತೆ ನನಗೆ ಬೇಕಾದಷ್ಟಿದೆ.

ನಾನು ಈ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಓದಿ, ಪಿರಿಯಾಪಟ್ಟಣದಲ್ಲಿ ಪಿಯುಸಿ ಮಾಡಿ, ಮೈಸೂರಿನಲ್ಲಿ ಬಿಇ ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಪಿಎಚ್‌ಡಿ ಮಾಡಿದವನಲ್ಲ, ವಿಜ್ಞಾನಿಯೂ ಅಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಹುಚ್ಚು ಹಿಡಿಯಿತು. ನಮ್ಮ ಕಡೆಯ ಮಾತು ಯಂತ್ರಕ್ಕೆ ಅರ್ಥವಾಗುತ್ತದೆಯೇ ಎಂದು ನೋಡಬೇಕು, ನೋಡಿದ್ದನ್ನು ಒಂದು ಸಂಶೋಧನಾ ಪ್ರಬಂಧವಾಗಿ ಬರೆದು ಸಮ್ಮೇಳನಕ್ಕೆ ಕಳಿಸಬೇಕು ಎನ್ನುವ ಹುಚ್ಚು. ಇದರಲ್ಲಿ ನಮ್ಮೂರಿನವರ ಪಾಲೂ ಇದೆ. ನಿಮ್ಮಲ್ಲಿ ಹಲವರ ದನಿಯನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿದ್ದೆ. ಅದು ಕೊನೆಗೆ ಏನಾಯಿತು ಎಂದು ನಿಮಗೆ ಲೆಕ್ಕ ಒಪ್ಪಿಸಿರಲಿಲ್ಲ. ಇವತ್ತು ಒಪ್ಪಿಸುತ್ತೇನೆ.

ಈಗ ಫೋನಿಗೆ ಮಾತಿನಲ್ಲೇ ಪ್ರಶ್ನೆ ಕೇಳಬಹುದು, ಎಲ್ಲರಿಗೂ ಗೊತ್ತು. ಆದರೆ ಆ ಫೋನು ಕಲಿತಿರುವುದು ಹೆಚ್ಚಾಗಿ ಟಿವಿ ವಾರ್ತೆಯ ಕನ್ನಡ, ಪುಸ್ತಕ ಓದುವ ಕನ್ನಡ. ನಮ್ಮಲ್ಲಿ ವಯಸ್ಸಾದವರು ‘ಹಾಲು’ ಅನ್ನುವುದಿಲ್ಲ, ‘ಆಲು’ ಅನ್ನುತ್ತಾರೆ. ‘ಹೇಳು’ ಅನ್ನುವುದು ‘ಯೋಳು’ ಆಗುತ್ತದೆ. ನಮ್ಮಮ್ಮ ಫೋನಿಗೆ ‘ಆಲಿನ ರೇಟು’ ಕೇಳಿದರೆ ಅದು ಆಲೂಗಡ್ಡೆಯ ರೇಟು ತೋರಿಸಿತು. ನಗುವ ವಿಷಯವೇ. ಆದರೆ ನಾಳೆ ಬೆಳೆ ವಿಮೆ, ಔಷಧಿ, ಪಿಂಚಣಿ ಎಲ್ಲವನ್ನೂ ಮಾತಾಡುವ ಯಂತ್ರದ ಹತ್ತಿರವೇ ಕೇಳಬೇಕಾದ ಕಾಲ ಬಂದರೆ, ಅದಕ್ಕೆ ಅರ್ಥವಾಗದ ಕನ್ನಡ ಆಡುವವರು ಎಲ್ಲಿಗೆ ಹೋಗಬೇಕು? ಈ ಕೆಲಸವನ್ನು ದೊಡ್ಡವರೂ ಮಾಡುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯಲ್ಲಿ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಕನ್ನಡವೂ ಸೇರಿ 9 ಭಾಷೆಗಳಲ್ಲಿ, ಆಡುನುಡಿಗಳ ಸಮೇತ ಸಂಗ್ರಹಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಲ್ಲೂ ಭಾರತೀಯ ಭಾಷೆಗಳ ಬರಹ, ಮಾತು ಎರಡನ್ನೂ ಕೂಡಿಡುತ್ತಾರೆ. ಆ ಆನೆಗಳ ಮುಂದೆ ನನ್ನದು ಇರುವೆಯ ಕೆಲಸ.

ನಾನು, ಕೆ.ಆರ್.ನಗರ ಕಡೆಯ ಒಬ್ಬ ಗೆಳತಿ, ಇಬ್ಬರೂ ಸೇರಿ ಶನಿವಾರ, ಭಾನುವಾರ ಸುತ್ತಿದೆವು. ಹುಣಸೂರಿನ ಬಿಳಿಕೆರೆ ಕಡೆ, ನಮ್ಮ ಬೆಟ್ಟದಪುರ ಕಡೆ, ಕೆ.ಆರ್.ನಗರದ ಚುಂಚನಕಟ್ಟೆ ಕಡೆ, ಎಚ್.ಡಿ.ಕೋಟೆಯ ಅಂತರಸಂತೆ ಕಡೆ. ಹೊಗೆಸೊಪ್ಪಿನ ಸಸಿ ಮಡಿ, ಮುಸುಕಿನ ಜೋಳ, ಶುಂಠಿ, ಹಸುವಿನ ಜ್ವರ, ಇಂಥ ವಿಷಯಗಳ ಮೇಲೆ ನೂರು ವಾಕ್ಯ ಬರೆದುಕೊಂಡಿದ್ದೆವು. ಓದು ಬಲ್ಲವರು ಓದುತ್ತಿದ್ದರು. ಓದಲು ಬಾರದವರಿಗೆ ನಾವು ಹೇಳಿ, ಅವರ ಮಾತಿನಲ್ಲಿ ಅವರು ತಿರುಗಿ ಹೇಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ನಂಬರು. ಒಟ್ಟು 64 ನಂಬರು ಆಯಿತು.

ಇನ್ನು ಸಮ್ಮೇಳನ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಕಂಪ್ಯೂಟರ್ ವಿಷಯದಲ್ಲಿ ಹೊಸ ಕೆಲಸವನ್ನು ಹೆಚ್ಚಾಗಿ ಸಮ್ಮೇಳನಗಳಲ್ಲೇ ಮೊದಲು ಪ್ರಕಟಿಸುತ್ತಾರೆ. ಮಾತಿನ ತಂತ್ರಜ್ಞಾನಕ್ಕೆ ಇಂಟರ್‌ಸ್ಪೀಚ್ ಎಂಬ ದೊಡ್ಡ ಸಮ್ಮೇಳನವಿದೆ. 2018ರಲ್ಲಿ ಅದು ನಮ್ಮ ಹೈದರಾಬಾದಿನಲ್ಲೇ ನಡೆದಿತ್ತು. ಇಂಥ ಕಡೆ ನಾಲ್ಕೈದು ಪುಟ, ಎಂಟು ಪುಟ ಎಂದು ಮಿತಿ ಹಾಕಿರುತ್ತಾರೆ. ಒಂದು ಸಾಲು ಹೆಚ್ಚಾದರೂ ಓದದೆ ತಿರಸ್ಕರಿಸಬಹುದು. ಅನೇಕ ಕಡೆ ಬರೆದವರ ಹೆಸರು, ಊರು, ಸಂಸ್ಥೆ ಯಾವುದೂ ಇರಬಾರದು. ನಮ್ಮ ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆ ಮೌಲ್ಯಮಾಪನಕ್ಕೆ ಹೋದಾಗ ಯಾರದೆಂದು ತಿದ್ದುವವರಿಗೆ ತಿಳಿಯುವುದಿಲ್ಲವಲ್ಲ, ಹಾಗೆ. ಅಮೆರಿಕದ ಪ್ರೊಫೆಸರೇ ಬರೆದಿರಲಿ, ಪಿರಿಯಾಪಟ್ಟಣ ತಾಲ್ಲೂಕಿನವನೇ ಬರೆದಿರಲಿ, ಪರಿಶೀಲಕರ ಮುಂದೆ ಇರುವುದು ಬರಹ ಮಾತ್ರ. ಸರ್ಕಾರಿ ಶಾಲೆಯಲ್ಲಿ ಓದಿದವನಿಗೆ ಇದಕ್ಕಿಂತ ದೊಡ್ಡ ನ್ಯಾಯ ಬೇರೆ ಏನು ಬೇಕು?

ಗಡುವು ಮಾತ್ರ ಕಟ್ಟುನಿಟ್ಟು. ಅದರಲ್ಲೊಂದು ತಮಾಷೆ ಇದೆ. ‘ಭೂಮಿಯ ಮೇಲೆ ಎಲ್ಲಾದರೂ’ ಎಂದು ಒಂದು ಲೆಕ್ಕವಿದೆ. ಅಂದರೆ, ಭೂಮಿಯ ಯಾವ ಮೂಲೆಯಲ್ಲಾದರೂ ಆ ತಾರೀಖು ಇನ್ನೂ ಮುಗಿಯದಿದ್ದರೆ ನಿಮಗೂ ಸಮಯವಿದೆ ಎಂದು ಅರ್ಥ. ಎಲ್ಲರಿಗಿಂತ ಕೊನೆಗೆ ದಿನ ಮುಗಿಯುವುದು ಪೆಸಿಫಿಕ್ ಸಾಗರದ ನಡುವೆ, ಜನವಾಸವಿಲ್ಲದ ಬೇಕರ್, ಹೌಲ್ಯಾಂಡ್ ಎಂಬ ದ್ವೀಪಗಳಲ್ಲಿ. ಅಲ್ಲಿ ರಾತ್ರಿ 11 ಗಂಟೆ 59 ನಿಮಿಷ ಆದಾಗ ನಮ್ಮಲ್ಲಿ ಮಾರನೆಯ ದಿನ ಸಂಜೆ 5 ಗಂಟೆ 29 ನಿಮಿಷ. ಹದಿನೇಳೂವರೆ ಗಂಟೆ ಪುಕ್ಕಟೆ ಸಿಕ್ಕಂತೆ ನಮಗೆ ಅನ್ನಿಸುತ್ತದೆ. ಸಿಕ್ಕ ಸಮಯವನ್ನೆಲ್ಲ ಕೆಲಸ ನುಂಗುತ್ತದೆ, ಕೊನೆಯ ಗಂಟೆಯಲ್ಲಿ ಪ್ರಪಂಚದವರೆಲ್ಲ ಒಟ್ಟಿಗೆ ಅಪ್‌ಲೋಡ್ ಮಾಡಲು ಮುಗಿಬೀಳುತ್ತಾರೆ.

ನಮ್ಮ ಗಡುವಿನ ಹಿಂದಿನ ರಾತ್ರಿ. ಆಫೀಸಿನ ಕೆಲಸ ಮುಗಿಸಿ ಬಂದು ಕೂತಿದ್ದೆ. ಪ್ರಬಂಧ ಮುಕ್ಕಾಲು ಪಾಲು ಸಿದ್ಧ. ನಮ್ಮ ಯಂತ್ರ ನೂರು ಪದಕ್ಕೆ 14 ಪದ ಮಾತ್ರ ತಪ್ಪು ಕೇಳಿಸಿಕೊಳ್ಳುತ್ತಿತ್ತು. ಅದರಲ್ಲೂ ವಯಸ್ಸಾದ ಹೆಂಗಸರ ಮಾತು ಚೆನ್ನಾಗಿ ಅರ್ಥವಾಗುತ್ತಿತ್ತು. ಇದೇ ನಮ್ಮ ಹೆಚ್ಚುಗಾರಿಕೆ ಎಂದು ಶೀರ್ಷಿಕೆಯಲ್ಲೇ ಹಾಕಿಕೊಂಡಿದ್ದೆವು. ರಾತ್ರಿ 11ರ ಸುಮಾರಿಗೆ, ಉದಾಹರಣೆಗೆ ಒಂದು ಒಳ್ಳೆಯ ವಾಕ್ಯ ಹುಡುಕೋಣ ಎಂದು ರೆಕಾರ್ಡಿಂಗ್‌ಗಳನ್ನು ಕೇಳುತ್ತಾ ಹೋದೆ. 51ನೇ ನಂಬರಿನ ಕೊನೆಯಲ್ಲಿ ಒಂದು ಅಜ್ಜಿ, ‘ಏನ್ಲಾ ಮಗ, ಇನ್ನೂ ಎಷ್ಟು ಯೋಳ್ಬೇಕು?’ ಎಂದು ಕೇಳುತ್ತದೆ. ಆ ದನಿ ಎಲ್ಲೋ ಕೇಳಿದಂತಿತ್ತು. ಹುಡುಕಿದೆ. 9ನೇ ನಂಬರಿನಲ್ಲೂ ಅದೇ ದನಿ. ಅದು ನಮ್ಮ ಶಾಲೆಯ ಗೇಟಿನ ಮುಂದೆ ಸೀಬೆಕಾಯಿ, ನೆಲ್ಲಿಕಾಯಿ ಮಾರುತ್ತಿದ್ದ ಅಜ್ಜಿ. ನಿಮಗೆಲ್ಲ ಗೊತ್ತು. ಅರ್ಧ ರೂಪಾಯಿ ಕಡಿಮೆ ಇದ್ದರೂ ಉಪ್ಪು ಖಾರ ಹಾಕಿ ಕೊಡುತ್ತಿದ್ದರು. ಅವರು ನನ್ನ ಲೆಕ್ಕದಲ್ಲಿ ಇಬ್ಬರಾಗಿಬಿಟ್ಟಿದ್ದರು.

ಇದರಲ್ಲೇನು ಅಂಥ ದೊಡ್ಡ ತಪ್ಪು ಎಂದು ನೀವು ಕೇಳಬಹುದು. ಯಂತ್ರಕ್ಕೆ ಕಲಿಸುವುದೂ ನಮಗೆ ಮೇಷ್ಟ್ರು ಕಲಿಸಿದ ಹಾಗೇ. ಕೆಲವರ ದನಿ ಕೊಟ್ಟು ಪಾಠ ಹೇಳಬೇಕು. ಯಂತ್ರ ಹಿಂದೆಂದೂ ಕೇಳಿರದ ಬೇರೆಯವರ ದನಿ ಕೊಟ್ಟು ಪರೀಕ್ಷೆ ಮಾಡಬೇಕು. ನಾವು 52 ನಂಬರನ್ನು ಪಾಠಕ್ಕೆ, 12 ನಂಬರನ್ನು ಪರೀಕ್ಷೆಗೆ ಇಟ್ಟಿದ್ದೆವು. 9 ಪಾಠದಲ್ಲಿತ್ತು, 51 ಪರೀಕ್ಷೆಯಲ್ಲಿತ್ತು. ಅಂದರೆ ಪಾಠದಲ್ಲಿ ಕೇಳಿದ ದನಿಯೇ, ಹೇಳಿದ ವಾಕ್ಯಗಳೇ ಪರೀಕ್ಷೆಯಲ್ಲಿ ಮತ್ತೆ ಬಂದಿದ್ದವು. ಪ್ರಶ್ನೆಪತ್ರಿಕೆ ಮೊದಲೇ ಸೋರಿದ ಹಾಗೆ. ಮಗು ಬುದ್ಧಿವಂತ ಎಂದು ನಾವು ಬೀಗುತ್ತಿದ್ದೆವು, ಮಗು ಉರು ಹೊಡೆದಿತ್ತು.

ಇದು ಹೇಗಾಯಿತು? ಮೊದಲ ಸಲ ನಾನೇ ಬಂದು ನಮ್ಮ ಮನೆ ಜಗುಲಿಯ ಮೇಲೆ ರೆಕಾರ್ಡ್ ಮಾಡಿದ್ದೆ. ಎರಡು ತಿಂಗಳಾದ ಮೇಲೆ ದನಿಗಳು ಸಾಲದಾದವು. ನನಗೆ ಬರಲು ರಜೆ ಇರಲಿಲ್ಲ, ಚಿಕ್ಕಪ್ಪನ ಮಗನ ಕೈಯಲ್ಲಿ ಮಾಡಿಸಿದೆ. ಪಾಪ, ಮಗನಿಗೆ ಜನ ಸಾಲಲಿಲ್ಲವಂತೆ ಎಂದು ನಮ್ಮಮ್ಮ ಮೊದಲು ಬಂದಿದ್ದವರನ್ನೂ ಸೇರಿಸಿ ಕರೆದುಕೊಂಡು ಬಂದು ಕೂರಿಸಿದ್ದಾರೆ. ಹೆಸರು ಬರೆದುಕೊಳ್ಳದೆ ಬರೀ ನಂಬರು ಹಾಕಿದ್ದು ನಾನು. ಒಂದು ನೋಟ್‌ಬುಕ್ಕಿನ ಕೆಲಸ, ಮಾಡಲಿಲ್ಲ. ತಪ್ಪು ಅಮ್ಮನದಲ್ಲ, ತಮ್ಮನದಲ್ಲ, ನನ್ನದು.

ನಿಜ ಹೇಳುತ್ತೇನೆ, ಆ ರಾತ್ರಿ ಒಂದು ಗಂಟೆ ಕಾಲ ಸುಮ್ಮನೆ ಕೂತಿದ್ದೆ. ಕಳಿಸಿಬಿಡೋಣ ಎಂದೇ ಮನಸ್ಸು ಹೇಳಿತು. ಯಾವ ಪರಿಶೀಲಕನಿಗೆ ನಮ್ಮೂರಿನ ಸೀಬೆಕಾಯಿ ಅಜ್ಜಿಯ ದನಿ ಗೊತ್ತು? ಇಡೀ ಪ್ರಪಂಚದಲ್ಲಿ ಈ ತಪ್ಪನ್ನು ಕಂಡುಹಿಡಿಯಬಲ್ಲವರು ಈ ಶಾಲೆಯಲ್ಲಿ ಓದಿದವರು ಮಾತ್ರ.

ಆಗ ನೆನಪಾಗಿದ್ದು ಒಂಬತ್ತನೇ ತರಗತಿ. ತಾಲ್ಲೂಕು ಮಟ್ಟದ ವಿಜ್ಞಾನ ವಸ್ತು ಪ್ರದರ್ಶನಕ್ಕೆ ನಾನು ಬಾವಿ ನೀರು, ಕೆರೆ ನೀರು ಎರಡರ ಉಷ್ಣತೆಯನ್ನು ಹತ್ತು ದಿನ ಬೆಳಿಗ್ಗೆ ಅಳೆದು ಪಟ್ಟಿ ಮಾಡಬೇಕಿತ್ತು. ಕೆಲವು ದಿನ ಅಳೆದೆ, ಕೆಲವು ದಿನ ಮರೆತೆ. ಹಿಂದಿನ ದಿನ ಸಂಜೆ ಕೂತು ಖಾಲಿ ಮನೆಗಳನ್ನೆಲ್ಲ ಅಂದಾಜಿನ ಮೇಲೆ ತುಂಬಿದೆ. ನಮ್ಮ ವಿಜ್ಞಾನದ ಮೇಷ್ಟ್ರು ಪಟ್ಟಿ ನೋಡಿದರು. ಬೈಯಲಿಲ್ಲ. ‘ಭಾನುವಾರದ ಲೆಕ್ಕ ಚೆನ್ನಾಗಿದೆ ಕಣಯ್ಯ. ಆದ್ರೆ ಭಾನುವಾರ ಥರ್ಮಾಮೀಟರು ಲ್ಯಾಬಿನ ಬೀರುವಿನಲ್ಲಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು’ ಎಂದರು. ನಾನು ತಲೆ ತಗ್ಗಿಸಿದೆ. ‘ಅಳೆಯದ ದಿನ ಖಾಲಿ ಬಿಡು. ಖಾಲಿ ಬಿಟ್ರೆ ಯಾರಿಗೂ ಮೋಸ ಇಲ್ಲ’ ಎಂದು ರಬ್ಬರು ಕೊಟ್ಟರು. ನಾಲ್ಕು ದಿನ ಖಾಲಿ ಇದ್ದ ಪಟ್ಟಿಯನ್ನು ತೆಗೆದುಕೊಂಡು ಹೋದೆ. ಬಹುಮಾನ ಬರಲಿಲ್ಲ. ಆದರೆ ಇಪ್ಪತ್ತು ವರ್ಷದ ಮೇಲೆ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ರಾತ್ರಿ ಹನ್ನೆರಡಕ್ಕೆ, ಆ ರಬ್ಬರು ಮತ್ತೆ ಕೈಗೆ ಬಂತು.

ಗೆಳತಿಗೆ ಫೋನ್ ಮಾಡಿ ಹೇಳಿದೆ. ಆಕೆ ಒಂದು ನಿಮಿಷ ಸುಮ್ಮನಿದ್ದು, ‘ಅಜ್ಜಿ ಒಬ್ಬರೇನಾ, ಇನ್ನೂ ಇದ್ದಾರಾ, ಮೊದಲು ಅದನ್ನ ನೋಡಿ’ ಎಂದಳು. ಅದನ್ನು ಹೇಳಬಲ್ಲವರು ಒಬ್ಬರೇ. ಬೆಳಿಗ್ಗೆ ಐದೂವರೆಗೆ, ಡೇರಿಗೆ ಹಾಲು ಹಾಕಲು ಹೊರಟಿದ್ದ ನಮ್ಮಮ್ಮನಿಗೆ ಫೋನ್ ಮಾಡಿದೆ. ‘ಅಮ್ಮ, ಎರಡು ಸಲ ಬಂದು ಮಾತಾಡಿದೋರು ಯಾರ್ಯಾರು?’ ಎಂದೆ. ‘ಯಾಕ್ಲಾ, ಪೊಲೀಸ್ನೋರು ಏನಾರ ಕೇಳಿದ್ರಾ?’ ಎಂದು ಗಾಬರಿಯಾದರು. ಸಮಾಧಾನ ಮಾಡಿ, ಒಂದೊಂದೇ ದನಿಯನ್ನು ಫೋನಿನಲ್ಲಿ ಕೇಳಿಸಿದೆ. ನನ್ನ ಸಾಫ್ಟ್‌ವೇರಿಗೆ ಆಗದ ಕೆಲಸವನ್ನು ಅಮ್ಮ ಒಂದೂವರೆ ಗಂಟೆಯಲ್ಲಿ ಮಾಡಿದರು. ಯಾರು, ಯಾರ ಮನೆಯವರು, ಯಾವತ್ತು ಬಂದಿದ್ದರು, ಕಾಫಿ ಕುಡಿದರೋ ಟೀ ಕುಡಿದರೋ ಎಲ್ಲ ಹೇಳಿದರು. ಏಳು ಜನ ಎರಡೆರಡು ಸಲ ಬಂದಿದ್ದರು. ನಮ್ಮ 64 ಜನ ನಿಜವಾಗಿ 57 ಜನ. ಬೇರೆ ಊರುಗಳಿಗೆ ನಾವು ಹೋಗಿದ್ದು ಒಂದೊಂದೇ ಸಲ, ಅಲ್ಲಿ ಈ ತೊಂದರೆ ಇರಲಿಲ್ಲ.

ಆಫೀಸಿಗೆ ರಜೆ ಹಾಕಿದೆ. ಏಳು ಗಂಟೆಗೆ ದನಿಗಳನ್ನು ಸರಿಯಾಗಿ ವಿಂಗಡಿಸಿ ಯಂತ್ರಕ್ಕೆ ಮತ್ತೆ ಮೊದಲಿನಿಂದ ಪಾಠ ಶುರು ಮಾಡಿದೆ. ಮಧ್ಯಾಹ್ನ ಒಂದೂವರೆಗೆ ಫಲಿತಾಂಶ ಬಂತು. ನೂರಕ್ಕೆ 14 ತಪ್ಪು ಇದ್ದದ್ದು 23 ಆಗಿತ್ತು. ಅರವತ್ತು ದಾಟಿದ ಹೆಂಗಸರ ಮಾತಿನಲ್ಲಿ ನೂರಕ್ಕೆ 38 ತಪ್ಪು. ಅಂದರೆ ನಾವು ಯಾವುದನ್ನು ಹೆಚ್ಚುಗಾರಿಕೆ ಎಂದುಕೊಂಡಿದ್ದೆವೋ ಅದೇ ಸುಳ್ಳು. ಯಂತ್ರಕ್ಕೆ ಹುಡುಗರ ಮಾತು ಅರ್ಥವಾಗುತ್ತಿತ್ತು, ಅಜ್ಜಿಯರ ಮಾತು ಅರ್ಥವಾಗುತ್ತಿರಲಿಲ್ಲ. ಹಳೆಯ ಲೆಕ್ಕವನ್ನೇ ಕಳಿಸಿ, ಅದನ್ನು ನಂಬಿ ಯಾರಾದರೂ ರೈತರಿಗಾಗಿ ಫೋನ್ ಸೇವೆ ಮಾಡಿದ್ದರೆ, ಕಷ್ಟಪಡುತ್ತಿದ್ದವರು ನನಗಾಗಿ ಎರಡು ಸಲ ಬಂದು ಕೂತ ಅದೇ ಅಜ್ಜಿಯರು. ಇದು ಹೊಳೆದ ಮೇಲೆ ಕಳಿಸಿಬಿಡುವ ಯೋಚನೆ ಮತ್ತೆ ಬರಲಿಲ್ಲ.

ಉಳಿದದ್ದು ನಾಲ್ಕು ಗಂಟೆ. ಶೀರ್ಷಿಕೆ ಬದಲಾಯಿಸಿದೆವು. ಒಂದು ಚಿತ್ರ ತೆಗೆದು, ಆ ಜಾಗದಲ್ಲಿ ‘ಒಬ್ಬರೇ ಎರಡು ನಂಬರಾದದ್ದು ಹೇಗೆ, ಕಂಡುಹಿಡಿದದ್ದು ಹೇಗೆ’ ಎಂದು ಬರೆದೆವು. ಪುಟದ ಮಿತಿಗೆ ತರಲು ಗೆಳತಿ ಅವಳ ಮನೆಯಿಂದ, ನಾನು ನನ್ನ ಮನೆಯಿಂದ ಒಂದೊಂದು ಪದ ಕಿತ್ತೆವು. ಕೊನೆಯಲ್ಲಿ ಕೃತಜ್ಞತೆ ಎಂದು ನಿಮ್ಮ ಊರುಗಳ ಹೆಸರೆಲ್ಲ ಬರೆದಿದ್ದೆ. ಹೆಸರು, ಊರು ಕಾಣಬಾರದು ಎಂಬ ನಿಯಮ ನೆನಪಾಗಿ ಅದನ್ನೂ ಅಳಿಸಬೇಕಾಯಿತು. ಆ ದಿನ ಮನಸ್ಸಿಗೆ ನೋವಾದದ್ದು ಅದೊಂದಕ್ಕೇ. ಸಂಜೆ 5 ಗಂಟೆ 11 ನಿಮಿಷಕ್ಕೆ ಪ್ರಬಂಧ ಹೋಯಿತು.

ಒಪ್ಪಿದರೇ? ಇಲ್ಲ. ಎರಡು ತಿಂಗಳ ಮೇಲೆ ತಿರಸ್ಕಾರದ ಪತ್ರ ಬಂತು. ಮೂವರು ಪರಿಶೀಲಕರಲ್ಲಿ ಇಬ್ಬರು, ಜನ ಕಡಿಮೆ, ಕೆಲಸ ಇನ್ನೂ ಆಗಬೇಕು ಎಂದಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೂರನೆಯವರು ಮಾತ್ರ, ದನಿ ಎರಡು ಕಡೆ ಸೇರಿಕೊಂಡದ್ದನ್ನು ಬರೆದ ಭಾಗವೇ ತಮಗೆ ಹೆಚ್ಚು ಉಪಯೋಗವಾಯಿತು ಎಂದಿದ್ದರು. ಮುಂದಿನ ವರ್ಷ ಈ ಸಲ ನೋಟ್‌ಬುಕ್ ಹಿಡಿದುಕೊಂಡೇ ಹೋಗಿ, ಇನ್ನಷ್ಟು ಅಜ್ಜಿಯರನ್ನು ಮಾತಾಡಿಸಿ, ಗಡುವಿಗೆ ಎರಡು ವಾರ ಮೊದಲೇ ಬರೆದು ಮುಗಿಸಿ, ಒಂದು ಚಿಕ್ಕ ಕಾರ್ಯಾಗಾರಕ್ಕೆ ಕಳಿಸಿದೆವು. ಒಪ್ಪಿದರು. ಒಪ್ಪಿದ ಮೇಲೆ ಹೆಸರು ಹಾಕಬಹುದು. ಈಗ ಆ ಪ್ರಬಂಧದ ಕೊನೆಯಲ್ಲಿ ನಮ್ಮ ಊರುಗಳ ಹೆಸರು ಅಚ್ಚಾಗಿದೆ. ಅದರ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಈಗ ಕೊಡುತ್ತಿದ್ದೇನೆ.

ಹಾಗಾದರೆ ಆತುರವೇ ತಪ್ಪೇ? ಹಾಗೆ ಹೇಳಲಾರೆ. ಮಕ್ಕಳೇ, ನೀವು ಫೆಬ್ರವರಿ 28ರಂದು ವಿಜ್ಞಾನ ದಿನ ಆಚರಿಸುತ್ತೀರಿ. 1928ರ ಆ ದಿನ ಕಲ್ಕತ್ತಾದಲ್ಲಿ ಸಿ.ವಿ. ರಾಮನ್ ಅವರು ಬೆಳಕಿನ ಹೊಸ ಪರಿಣಾಮವನ್ನು ಸ್ಪಷ್ಟವಾಗಿ ಕಂಡರು. ಸರಿಯಾಗಿ 17 ದಿನಕ್ಕೆ, ಮಾರ್ಚ್ 16ರಂದು, ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ‘ಒಂದು ಹೊಸ ವಿಕಿರಣ’ ಎಂದು ಭಾಷಣ ಮಾಡಿದರು. ಅದೇ ಮಾರ್ಚ್ 31ಕ್ಕೆ ಆ ಭಾಷಣ ಅಚ್ಚಾಯಿತು, ಪ್ರತಿಗಳು ದೇಶ ವಿದೇಶದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಹೋದವು. ಅದೇ ಸಮಯದಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್, ಮ್ಯಾಂಡೆಲ್‌ಸ್ಟಾಮ್ ಎಂಬ ಇಬ್ಬರು ಇದೇ ಪರಿಣಾಮವನ್ನು ಹರಳುಗಳಲ್ಲಿ ಕಂಡಿದ್ದರು. ಅವರ ಬರಹ ಅಚ್ಚಾದದ್ದು ಇದಾದ ಕೆಲವು ತಿಂಗಳ ಮೇಲೆ. 1930ರ ನೊಬೆಲ್ ಪ್ರಶಸ್ತಿ ರಾಮನ್ ಅವರಿಗೆ ಬಂತು.

17 ದಿನ ಎಂದರೆ ಕೊನೆಯ ಗಳಿಗೆಯ ಕೆಲಸ ಎಂದೇ ತೋರುತ್ತದೆ. ಆದರೆ ಅದರ ಹಿಂದೆ 1921ರಲ್ಲಿ ಹಡಗಿನ ಮೇಲಿಂದ ಸಮುದ್ರದ ನೀಲಿ ಕಂಡು ಶುರುವಾದ ಏಳು ವರ್ಷದ ದುಡಿಮೆ ಇತ್ತು. ಕೆ.ಎಸ್. ಕೃಷ್ಣನ್ ಅವರಂಥ ಸಹೋದ್ಯೋಗಿಗಳ ಕೈ ಇತ್ತು. ಅರವತ್ತರಷ್ಟು ದ್ರವಗಳನ್ನು ಪರೀಕ್ಷಿಸಿ ನೋಡಿದ್ದರು. ಆತುರ ಇದ್ದದ್ದು ಹೇಳುವುದರಲ್ಲಿ, ನೋಡುವುದರಲ್ಲಿ ಅಲ್ಲ.

ಇದನ್ನು ನಮ್ಮೂರಿನವರಿಗೆ ನಾನು ವಿವರಿಸಬೇಕಿಲ್ಲ. ಜುಲೈ, ಆಗಸ್ಟ್ ಬಂದರೆ ನಮ್ಮಪ್ಪ ಬ್ಯಾರನ್ ಮುಂದೆ ರಾತ್ರಿಯೆಲ್ಲ ಎದ್ದಿರುತ್ತಿದ್ದರು. ಹೊಗೆಸೊಪ್ಪು ಹದವಾಗಿ ಹಳದಿಗೆ ತಿರುಗುವವರೆಗೆ ಕಾದು, ಮೆಲ್ಲಗೆ ಉರಿ ಏರಿಸಬೇಕು. ಆತುರಕ್ಕೆ ಒಮ್ಮೆಗೇ ಉರಿ ಏರಿಸಿದರೆ ಸೊಪ್ಪು ಹಸಿರಾಗಿಯೇ ಒಣಗಿ ನಿಲ್ಲುತ್ತದೆ. ಹರಾಜಿನಲ್ಲಿ ಅದಕ್ಕೆ ಬೆಲೆಯಿಲ್ಲ. ‘ಬ್ಯಾರನ್‌ಗೆ ಬೆಂಕಿ ಹಾಕಿದ ಮೇಲೆ ಹೊಲಕ್ಕೆ ಹೋಗಿ ಸೊಪ್ಪು ಕೀಳೋಕಾಗಲ್ಲ’ ಎಂದು ಅಪ್ಪ ಹೇಳುತ್ತಿದ್ದರು. ಕೊನೆಯ ರಾತ್ರಿ ಉರಿ ನೋಡಿಕೊಳ್ಳುವ ರಾತ್ರಿ. ಆವತ್ತು ಎದ್ದಿರಲೇಬೇಕು. ಆದರೆ ಕೀಳುವುದು, ಕಡ್ಡಿಗೆ ಕಟ್ಟುವುದು ಎಲ್ಲ ಮೊದಲೇ ಆಗಿರಬೇಕು.

ಇಲ್ಲಿರುವ ಮಕ್ಕಳಿಗೆ ಮೂರೇ ಮಾತು. ಏನೇ ಅಳೆದರೂ, ಯಾರನ್ನೇ ಕೇಳಿದರೂ, ತಾರೀಖು, ಹೆಸರು ಹಾಕಿ ಆಗಲೇ ಬರೆದಿಡಿ. ಬರೆದದ್ದನ್ನು ಗಡುವಿಗೆ ಒಂದು ವಾರ ಮೊದಲು ಇನ್ನೊಬ್ಬರಿಗೆ ತೋರಿಸಿ. ಕೊನೆಯ ಗಳಿಗೆಯಲ್ಲಿ ತಪ್ಪು ಕಂಡರೆ ಮುಚ್ಚಬೇಡಿ, ಖಾಲಿ ಬಿಡಿ. ಖಾಲಿ ಬಿಟ್ಟರೆ ಬಹುಮಾನ ತಪ್ಪಬಹುದು, ನನಗೂ ತಪ್ಪಿತು. ಅದನ್ನು ಮುಂದಿನ ವರ್ಷ ತುಂಬಬಹುದು. ಸುಳ್ಳು ತುಂಬಿದ ಮನೆಯನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ.

ನನ್ನ ಕೈಲಾದದ್ದು ಇಷ್ಟು. ಪ್ರತಿ ತಿಂಗಳು ಒಂದು ಶನಿವಾರ ಬಂದು ಒಂಬತ್ತನೇ ತರಗತಿಯ ಮಕ್ಕಳ ಜೊತೆ ವಿಜ್ಞಾನ ವಸ್ತು ಪ್ರದರ್ಶನದ ಕೆಲಸಕ್ಕೆ ಕೂರುತ್ತೇನೆ ಎಂದು ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟಿದ್ದೇನೆ. ಬೇರೆ ಹಳೆಯ ವಿದ್ಯಾರ್ಥಿಗಳೂ ಕೈ ಜೋಡಿಸಿದರೆ ತಿಂಗಳಿಗೆ ನಾಲ್ಕು ಶನಿವಾರವೂ ತುಂಬುತ್ತದೆ.

ಸೀಬೆಕಾಯಿ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಆಗಿನಿಂದ ಕೈ ಸನ್ನೆಯಲ್ಲೇ, ಇನ್ನೂ ಎಷ್ಟು ಹೇಳುತ್ತೀಯ ಎಂದು ಕೇಳುತ್ತಿದ್ದಾರೆ. ಮುಗಿಯಿತು ಅಜ್ಜಿ.